ಭೂಮಿಯೊಳಗಿನ ಹಗೇವು: ಅಸಿಸಿಯ ಸಂತ ಫ್ರಾನ್ಸಿಸ್‌ರ ಹಬ್ಬಕ್ಕೊಂದು ಚಿಂತನೆ



ಅಕ್ಟೋಬರ್ 4 ಅಸಿಸಿಯ ಸಂತ ಫ್ರಾನ್ಸಿಸ್‌ರವರ ಹಬ್ಬ. ಸೂರ್ಯನನ್ನು ಅಣ್ಣನೆಂದೂ ಭೂಮಿಯನ್ನು ತಾಯಿಯೆಂದೂ ಕರೆದ ಈ ಸಂತರ ಹಬ್ಬದಂದು ನಮ್ಮ ದೇವಾಲಯಗಳಲ್ಲಿ ಗಿಡಮರ, ಹಕ್ಕಿಪಕ್ಷಿಗಳ ಕುರಿತು ಪ್ರಬೋಧನೆ ನಡೆಯುತ್ತದೆ. ಬಲಿಪೂಜೆಯ ನಂತರ ಮಕ್ಕಳು ಆವರಣದಲ್ಲಿ ಒಂದೆರಡು ಸಸಿ ನೆಡುತ್ತಾರೆ. (ಅವುಗಳಲ್ಲಿ ಎಷ್ಟು ಬದುಕಿದವು ಎಂಬುದು ಊರಿನ ಆಡುಗಳಿಗೇ ಚೆನ್ನಾಗಿ ಗೊತ್ತು.) ಒಳ್ಳೆಯ ಪದ್ಧತಿಯೇ, ಬಿಡುವುದು ಬೇಡ. ಆದರೆ 2023ರ ಇದೇ ಹಬ್ಬದ ದಿನ ಆಗಿನ ಜಗದ್ಗುರು ಫ್ರಾನ್ಸಿಸ್‌ರವರು 'ಲೌದಾತೆ ದೇವುಂ' ಎಂಬ ಪತ್ರವನ್ನು ಲೋಕಕ್ಕೆ ಬರೆದಾಗ ಸಸಿ ನೆಡುವಷ್ಟಕ್ಕೆ ನಿಲ್ಲಲಿಲ್ಲ. ಹವಾಮಾನ ಕೆಡುತ್ತಿರುವುದಕ್ಕೆ ಮೂಲವಾದ ಕಲ್ಲಿದ್ದಲು, ತೈಲ, ಅನಿಲಗಳಿಂದ ಹೊರಬರುವ ಕೆಲಸ ಬೇಕಾದ ವೇಗದಲ್ಲಿ ನಡೆಯುತ್ತಿಲ್ಲವೆಂದು ನೇರವಾಗಿಯೇ ಹೇಳಿದರು. 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲೂ ಈ ಇಂಧನಗಳ, ಅದರಲ್ಲೂ ಕಲ್ಲಿದ್ದಲಿನ, ಜಾಗಕ್ಕೆ ತಡಮಾಡದೆ ಬೇರೆ ಮೂಲಗಳು ಬರಬೇಕೆಂದು ಬರೆದಿದ್ದರು. ಹೀಗಾಗಿ ಈ ಬಾರಿಯ ಹಬ್ಬಕ್ಕೆ ನೆಲದ ಮೇಲೆ ನೆಡುವುದರ ಬದಲು ನೆಲದೊಳಗಿಂದ ತೆಗೆಯುವುದರ ಬಗ್ಗೆ ಯೋಚಿಸೋಣವೆಂದಿದ್ದೇನೆ.

"ಫಾದರ್, ನಮ್ಮ ಸಿದ್ದಾಪುರದಾಗ ಭತ್ತದ ಗದ್ದೆ ಬಿಟ್ರ ಏನೈತ್ರೀ? ಕಲ್ಲಿದ್ದಲು ಗಣಿ ಐತೇನು, ಎಣ್ಣಿ ಬಾವಿ ಐತೇನು?" ಎಂದು ಯಾರಾದರೂ ಕೇಳಬಹುದು. ನಿಜ, ಇಲ್ಲಿ ಇಲ್ಲ. ಇಡೀ ಕರ್ನಾಟಕದಲ್ಲೇ ಕಲ್ಲಿದ್ದಲಿನ ಗಣಿಯಿಲ್ಲ. ಆದರೂ ನಮ್ಮ ಸುತ್ತ ಮೂರು ದೊಡ್ಡ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿವೆ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600 ಮೆಗಾವಾಟ್, ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ 1700 ಮೆಗಾವಾಟ್. ಇವುಗಳ ಹೊಟ್ಟೆ ತುಂಬಲು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ, ಮಹಾರಾಷ್ಟ್ರದಿಂದ ರೈಲುಗಟ್ಟಲೆ ಕಲ್ಲಿದ್ದಲು ಬರುತ್ತದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲೂಕಿನ ಬರಂಜ್‌ನಲ್ಲಿ ನಮ್ಮ ರಾಜ್ಯದ ವಿದ್ಯುತ್ ನಿಗಮಕ್ಕೇ ಒಂದು ಗಣಿಯಿದೆ. ಅಲ್ಲಿನ ಹಳ್ಳಿಗರು ಜಮೀನು, ಮನೆ ಬಿಟ್ಟು, ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ನಾವು ಇಲ್ಲಿ ಗುಂಡಿ ಒತ್ತಿದಾಗ ಅಲ್ಲಿ ಗುಂಡಿ ಆಳವಾಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು; ಅದು ಉರಿದಾಗ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು, 2023ರಿಂದ ಗೃಹಜ್ಯೋತಿಯಲ್ಲಿ ಮನೆಗೂ ಪುಕ್ಕಟೆ ಕರೆಂಟು ಬಂದಿದೆ. ಬಡವರ ಮನೆಗೆ ಬಂದ ಈ ಬೆಳಕನ್ನು ನಾನು ಹಳಿಯುವುದಿಲ್ಲ. ಬಿಲ್ಲು ಬೇರೆ ಕಡೆ ಹೋಗುತ್ತದೆ ಎಂಬುದನ್ನಷ್ಟೇ ನೆನಪಿಸುತ್ತೇನೆ.

ವಿಷಯದ ಬುಡಕ್ಕೆ ಹೋಗೋಣ. ಕಾರಟಗಿ, ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಬಾಯ್ಲರಿಗೆ ಹಾಕುವುದು ಭತ್ತದ ಹೊಟ್ಟನ್ನು. ಹೊಟ್ಟು ಉರಿದರೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕಲ್ಲಿದ್ದಲು ಉರಿದರೂ ಅದೇ ಬರುತ್ತದೆ. ಹಾಗಾದರೆ ಒಂದಕ್ಕೆ ಇಲ್ಲದ ದೋಷ ಇನ್ನೊಂದಕ್ಕೆ ಏಕೆ? ಹೊಟ್ಟಿನಲ್ಲಿರುವ ಇಂಗಾಲ ಕಳೆದ ಹಂಗಾಮಿನಲ್ಲಿ ಪೈರು ಗಾಳಿಯಿಂದ ಎಳೆದುಕೊಂಡದ್ದು. ಉರಿದಾಗ ಅದು ಬಂದಲ್ಲಿಗೇ ಮರಳುತ್ತದೆ, ಮುಂದಿನ ಬೆಳೆ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ವರ್ಷದ ಆದಾಯದಲ್ಲೇ ವರ್ಷದ ಖರ್ಚು ಸಾಗಿದ ಹಾಗೆ. (ಮಿಲ್ಲಿನ ಬೂದಿ ಸುತ್ತಲಿನವರ ಕಣ್ಣಿಗೆ ಬೀಳುವುದು, ನೀರು ನಿಂತ ಗದ್ದೆಯಿಂದ ಮೀಥೇನ್ ಅನಿಲ ಏಳುವುದು ಬೇರೆ ಸಮಸ್ಯೆಗಳು; ಇಲ್ಲವೆನ್ನುವುದಿಲ್ಲ, ಇನ್ನೊಮ್ಮೆ ಬರೆಯುವೆ.) ಕಲ್ಲಿದ್ದಲಿನ ಲೆಕ್ಕ ಬೇರೆ. ಸಿಂಗರೇಣಿಯ ಕಲ್ಲಿದ್ದಲು ಸುಮಾರು 25 ಕೋಟಿ ವರ್ಷಗಳಿಗೂ ಹಿಂದೆ ಬೆಳೆದ ಕಾಡು. ಕೆಸರಿನಲ್ಲಿ ಹೂತು, ಮೇಲಿನ ಭಾರಕ್ಕೆ ಒತ್ತಿ, ಕಾದು ಕಪ್ಪು ಕಲ್ಲಾಗಿದೆ. ಅಂದಿನ ಗಾಳಿಯಿಂದ ಆ ಕಾಡು ಎಳೆದುಕೊಂಡ ಇಂಗಾಲ ಅಷ್ಟು ಕಾಲದಿಂದ ನೆಲದೊಳಗೆ ಭದ್ರವಾಗಿತ್ತು.

ನಮ್ಮ ಭಾಗದ ಹಿರಿಯರಿಗೆ ಇದನ್ನು ಹೇಳಲು ನಾನು ಹಗೇವನ್ನು ನೆನಪಿಸುತ್ತೇನೆ. ಕಾಲುವೆ ಬರುವ ಮೊದಲು, ಜೋಳವೇ ಬದುಕಾಗಿದ್ದ ದಿನಗಳಲ್ಲಿ, ಹೆಚ್ಚಿದ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿ ಬರಗಾಲಕ್ಕೆಂದು ಇಡುತ್ತಿದ್ದರು. ಸುಗ್ಗಿಯ ವರ್ಷ ಅದನ್ನು ತೆರೆಯುತ್ತಿರಲಿಲ್ಲ. ತೆರೆದರೂ ಕೂಡಲೇ ಒಳಗಿಳಿಯುತ್ತಿರಲಿಲ್ಲ; ಒಳಗಿನ ಕೆಟ್ಟ ಗಾಳಿಗೆ ಜೀವ ಹೋದೀತೆಂದು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಕಾಯುತ್ತಿದ್ದರು. ಆ ಕೆಟ್ಟ ಗಾಳಿ ಬಹುಪಾಲು ಇದೇ ಇಂಗಾಲದ ಡೈಆಕ್ಸೈಡ್. ಇನ್ನೂರೈವತ್ತು ವರ್ಷಗಳಿಂದ ಮನುಷ್ಯಕುಲ ಭೂಮಿಯ ಹಗೇವುಗಳ ಬಾಯಿಯನ್ನು ಒಂದರ ಮೇಲೊಂದು ತೆರೆಯುತ್ತಾ ಬಂದಿದೆ, ದೀಪ ಇಳಿಸಿ ನೋಡಿದವರು ಕಡಿಮೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು, ಈಗ 420 ದಾಟಿದೆ. ಭೂಮಿಯ ಸರಾಸರಿ ಉಷ್ಣಾಂಶ ಆ ಕಾಲಕ್ಕಿಂತ 1.5 ಡಿಗ್ರಿ ಹೆಚ್ಚಾದ ಮೊದಲ ವರ್ಷ 2024.

ಒಂದೂವರೆ ಡಿಗ್ರಿ ಎಂದರೆ ಬೇಸಿಗೆಯಲ್ಲಿ 42 ಡಿಗ್ರಿ ಕಾಣುವ ನಮಗೆ ನಗು ಬರಬಹುದು. ಆದರೆ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಹಿಡಿದಷ್ಟು ದಿನ ಒಣಹವೆ, ಬಿಟ್ಟಾಗ ಸುರಿಮಳೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 220ಕ್ಕೂ ಹೆಚ್ಚು ಬರಪೀಡಿತವೆಂದು ಘೋಷಣೆಯಾದವು. ಯಾವುದೇ ಒಂದು ಮಳೆಯನ್ನು, ಒಂದು ಬರವನ್ನು ಬೆರಳು ಮಾಡಿ ಇದು ಕಲ್ಲಿದ್ದಲಿನಿಂದಲೇ ಆಯಿತೆಂದು ಹೇಳುವುದು ಸರಿಯಲ್ಲ. ಹಿಂದೆಯೂ ಬರವಿತ್ತು. ಇಂಥವು ಪದೇ ಪದೇ ಬರುವ ಸಂಭವ ಹೆಚ್ಚುತ್ತಿದೆ ಎಂಬುದು ವಿಜ್ಞಾನಿಗಳ ಮಾತು. ಜಲಾಶಯದ ನೀರನ್ನೇ ನಂಬಿ ಸಾಲ ಮಾಡಿ ಸಸಿಮಡಿ ಹಾಕುವ ರೈತನಿಗೆ ಆ ಸಂಭವವೇ ಬದುಕು, ಸಾವು.

ಈಗ ಮುಖ್ಯ ಪ್ರಶ್ನೆ. ಪರಿಹಾರವನ್ನು ಎಲ್ಲಿಂದ ಶುರುಮಾಡಬೇಕು, ಹೊಗೆ ಬಿಡುವ ಚಿಮಣಿಯಿಂದಲೋ, ಅಗೆಯುವ ಗಣಿಯ ಬಾಯಿಂದಲೋ?

ಇಷ್ಟು ದಿನ ಲೋಕ ಚಿಮಣಿಯನ್ನೇ ನೋಡಿದೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಅನಿಲಗಳನ್ನು ಕಡಿಮೆ ಮಾಡುವ ಮಾತಿದೆ, ಆದರೆ ಕಲ್ಲಿದ್ದಲು, ತೈಲ ಎಂಬ ಶಬ್ದಗಳೇ ಇಲ್ಲ. ಇದು ಹೇಗಾಯಿತೆಂದರೆ, ಕಾಲುವೆಯ ತೂಬನ್ನು ಪೂರ್ತಿ ಎತ್ತಿಟ್ಟು, ಕೆಳಗಿನ ಒಂದೊಂದು ಗದ್ದೆಯ ಮಡೆಗೂ ಓಡಾಡಿ, ನೀರು ಕಡಿಮೆ ಹಾಯಿಸಿರಿ ಎಂದು ಬೇಡಿಕೊಂಡ ಹಾಗೆ. ಒಬ್ಬ ಮಡೆ ಕಟ್ಟಿದರೆ ಆ ನೀರು ಪಕ್ಕದವನ ಗದ್ದೆಗೆ ನುಗ್ಗುತ್ತದೆ. ಕಲ್ಲಿದ್ದಲಿನ ವ್ಯಾಪಾರವೂ ಹೀಗೆಯೇ. ಒಂದು ದೇಶ ಉರಿಸುವುದನ್ನು ಕಡಿಮೆ ಮಾಡಿದರೆ ಬೆಲೆ ಇಳಿಯುತ್ತದೆ, ಇನ್ನೊಂದು ದೇಶ ಅಗ್ಗವಾಗಿ ಕೊಂಡು ಉರಿಸುತ್ತದೆ. ಕೋಟಿಗಟ್ಟಲೆ ಸುರಿದು ಗಣಿ ತೆರೆದವನಿಗೆ ಬಂಡವಾಳ ವಾಪಸು ಬರಲೇಬೇಕು, ನಷ್ಟವಾದರೂ ಅಗೆಯುತ್ತಾನೆ. ಆದ್ದರಿಂದ ಮಡೆಯ ಜೊತೆಗೆ ತೂಬನ್ನೂ ಇಳಿಸಬೇಕು ಎಂಬ ವಾದ ಬಲವಾಗಿದೆ. 2021ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಲೆಕ್ಕ ಹಾಕಿದಂತೆ, ತಾಪ 1.5 ಡಿಗ್ರಿಯೊಳಗೆ ನಿಲ್ಲುವ ಅರ್ಧದಷ್ಟಾದರೂ ಸಂಭವ ಬೇಕಿದ್ದರೆ, ತೆಗೆಯಲು ಸಿದ್ಧವಿರುವ ನಿಕ್ಷೇಪಗಳಲ್ಲಿ ಕಲ್ಲಿದ್ದಲಿನ ಸುಮಾರು ಶೇಕಡ 90, ತೈಲ ಮತ್ತು ಅನಿಲದ ಸುಮಾರು ಶೇಕಡ 60 ಭಾಗ 2050ರವರೆಗೆ ನೆಲದೊಳಗೇ ಉಳಿಯಬೇಕು. ಹೊಸ ಗಣಿ ತೆರೆಯುವುದಿರಲಿ, ಈಗ ತೆರೆದವುಗಳನ್ನೇ ಪೂರ್ತಿ ಖಾಲಿ ಮಾಡುವ ಹಾಗಿಲ್ಲ.

ನೆಲದೊಳಗಿನ ಸಂಪತ್ತನ್ನು ಅಗೆಯದೆ ಬಿಡಿ ಎಂದರೆ ಯಾರು ಕೇಳುತ್ತಾರೆ, ಇದು ಪುಸ್ತಕದ ಬದನೆಕಾಯಿ ಎನ್ನುವವರಿದ್ದಾರೆ. ಅವರಿಗೆ ನಾನು ಪರದೇಶದ ಉದಾಹರಣೆ ಕೊಡುವುದಿಲ್ಲ. ನದಿಯಾಚೆಯ ಬಳ್ಳಾರಿ, ಸಂಡೂರನ್ನು ತೋರಿಸುತ್ತೇನೆ.

ಅಲ್ಲಿ ಅಗೆದದ್ದು ಕಬ್ಬಿಣದ ಅದಿರು, ಇಂಧನವಲ್ಲ. ಆ ವ್ಯತ್ಯಾಸ ನೆನಪಿರಲಿ. ಆದರೆ ಅಗೆಯುವುದಕ್ಕೆ ಮಿತಿ ಹಾಕುವುದು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಜನ ನಾವು. ಬೇಲೇಕೇರಿ ಬಂದರಿನ ಕಡೆಗೆ ಹಗಲು ರಾತ್ರಿ ಹೊರಟಿದ್ದ ಲಾರಿಗಳ ಸಾಲು, ರಸ್ತೆ ಬದಿಯ ಕೆಂಪು ಬೆಳೆ, ಕೆಂಪು ಮರ, ಕೆಂಪು ಮನುಷ್ಯರು ಎಲ್ಲ ನೆನಪಿದೆಯಲ್ಲ? ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಬಂತು, ಅದೇ ತಿಂಗಳು 29ರಂದು ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಪರಿಸರದ ಅಧ್ಯಯನ ಮಾಡಿಸಿ, ಗಣಿಗಳನ್ನು ಮೂರು ವರ್ಗವಾಗಿ ವಿಂಗಡಿಸಿ, ಅತಿ ಹೆಚ್ಚು ಅಕ್ರಮ ನಡೆಸಿದ್ದವುಗಳ ಗುತ್ತಿಗೆಯನ್ನು 2013ರ ಏಪ್ರಿಲ್ 18ರಂದು ರದ್ದುಮಾಡಿತು. ಉಳಿದವರು ಅಗೆಯಬಹುದು, ಆದರೆ ಎಲ್ಲ ಸೇರಿ ಬಳ್ಳಾರಿಯಲ್ಲಿ ವರ್ಷಕ್ಕೆ ಎರಡೂವರೆ ಕೋಟಿ ಟನ್, ಚಿತ್ರದುರ್ಗ, ತುಮಕೂರುಗಳಲ್ಲಿ 50 ಲಕ್ಷ ಟನ್ನಿಗಿಂತ ಹೆಚ್ಚಿಲ್ಲ ಎಂದು ಮಿತಿ ಹಾಕಿತು. ಬೇಡಿಕೆ ಎಷ್ಟೇ ಇರಲಿ, ಚೀನಾದವರು ಎಷ್ಟೇ ಬೆಲೆ ಕೊಡಲಿ, ಇಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಉಕ್ಕಿನ ಕಾರ್ಖಾನೆಗಳೂ ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಗಣಿಯ ಬಾಯಿಗೆ ಲಗಾಮು ಹಾಕುವುದು ಆಗದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಆದರೆ ಇದೇ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ನಾನು ಸತ್ಯ ಹೇಳಿದ ಹಾಗಾಗುವುದಿಲ್ಲ. ಮೊದಲನೆಯದಾಗಿ, ಮಿತಿ ಹಾಕಿದಲ್ಲೇ ನಿಲ್ಲಲಿಲ್ಲ. ಒತ್ತಡಗಳು ಬಂದವು, 2022ರ ಆಗಸ್ಟ್ ಹೊತ್ತಿಗೆ ಬಳ್ಳಾರಿಯ ಮಿತಿ ಮೂರೂವರೆ ಕೋಟಿ ಟನ್ನಿಗೂ ಉಳಿದೆರಡು ಜಿಲ್ಲೆಗಳದ್ದು ಒಂದೂವರೆ ಕೋಟಿ ಟನ್ನಿಗೂ ಏರಿತು. ಕಾಯುವವರು ಇಲ್ಲದ ಬೇಲಿ ವರ್ಷಕ್ಕೆ ಒಂದು ಗೂಟ ಹಿಂದೆ ಸರಿಯುತ್ತದೆ. ಎರಡನೆಯದು ಇನ್ನೂ ನೋವಿನದು. 2011ರಲ್ಲಿ ಗಣಿ ನಿಂತ ದಿನ ಬೀದಿಗೆ ಬಂದವರು ಗಣಿ ಧಣಿಗಳಲ್ಲ. ಸಾಲ ಮಾಡಿ ಟಿಪ್ಪರ್ ಕೊಂಡವರು, ಚಾಲಕರು, ಕ್ಲೀನರುಗಳು, ಅದಿರು ಆರಿಸುತ್ತಿದ್ದ ಹೆಣ್ಣುಮಕ್ಕಳು, ರಸ್ತೆ ಬದಿ ಚಹಾದಂಗಡಿಯವರು. ಅವರು ಅಕ್ರಮದ ಲಾಭ ಉಂಡವರಲ್ಲ, ಆದರೆ ದಂಡ ಅವರೇ ತೆತ್ತರು. ಹಾಳಾದ ಪ್ರದೇಶದ ಪುನಶ್ಚೇತನಕ್ಕೆಂದು ಅದಿರಿನ ಮಾರಾಟದಿಂದ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಖರ್ಚಾಗದೆ ಕುಳಿತಿತ್ತು. ಹಣವಿತ್ತು, ಹಸಿದವರೂ ಇದ್ದರು, ನಡುವೆ ಕಡತವಿತ್ತು.

ಕಲ್ಲಿದ್ದಲಿಗೆ ಮಿತಿ ಬರುವ ದಿನ ಇದೇ ಆಗಬಾರದು. ಭಾರತದ ಕಲ್ಲಿದ್ದಲು ಉತ್ಪಾದನೆ 2024-25ರಲ್ಲಿ ನೂರು ಕೋಟಿ ಟನ್ ದಾಟಿತು. ದೇಶದ ವಿದ್ಯುತ್ತಿನಲ್ಲಿ ಶೇಕಡ 70ರಷ್ಟು ಅದರಿಂದಲೇ. ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾಗಳಲ್ಲಿ ಲಕ್ಷಾಂತರ ಕುಟುಂಬಗಳ ಗಂಜಿ ಆ ಗಣಿಗಳಲ್ಲಿದೆ. ಹೀಗಿರುವಾಗ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು ಕೈಬಿಡುವ ಮಾತಿನ ಬದಲು ಕಡಿಮೆ ಮಾಡುವ ಮಾತು ಬರಲೆಂದು ಭಾರತ ಪಟ್ಟುಹಿಡಿದಾಗ ಪಾಶ್ಚಾತ್ಯರು ಮೂಗು ಮುರಿದರು. ನನಗೆ ಆಗ ನೆನಪಾದದ್ದು ನಮ್ಮ ಎಡದಂಡೆ ಕಾಲುವೆ. ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ಕಾಲುವೆಯನ್ನು ಯೋಜಿಸಿದವರು ಜೋಳ, ಹತ್ತಿಯಂಥ ಮಿತ ನೀರಿನ ಬೆಳೆಗಳನ್ನು ಲೆಕ್ಕದಲ್ಲಿಟ್ಟಿದ್ದರು. ಮೇಲ್ಭಾಗದಲ್ಲಿ ಭತ್ತ ಬಂತು, ವರ್ಷಕ್ಕೆರಡು ಬೆಳೆಯೂ ಬಂತು. ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ತಮ್ಮ ಪಾಲಿನ ನೀರಿಗಾಗಿ ಇಂದಿಗೂ ರಸ್ತೆಗಿಳಿಯುತ್ತಾರೆ. ಜಲಾಶಯದಲ್ಲಿ ನೀರು ಕಡಿಮೆಯಾದ ವರ್ಷ ಮೇಲ್ಭಾಗದವನು ಕೆಳಭಾಗದವನಿಗೆ ನೀರು ಮಿತವಾಗಿ ಬಳಸು ಎಂದು ಉಪದೇಶಿಸಿದರೆ ಹೇಗಿರುತ್ತದೆ? ಇಂಗಾಲದ ಲೆಕ್ಕದಲ್ಲಿ ಶ್ರೀಮಂತ ದೇಶಗಳು ಮೇಲ್ಭಾಗದವರು. ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣನಾದರೆ ಭಾರತೀಯನೊಬ್ಬನ ಪಾಲು ಸುಮಾರು 2 ಟನ್. ತೂಬು ಮೊದಲು ಇಳಿಯಬೇಕಾದದ್ದು ಮೇಲ್ಭಾಗದಲ್ಲಿ.

ಹಾಗೆಂದು ಕೆಳಭಾಗದವನು ಹೊಸ ತೂಬು ಕೊರೆಯಬಹುದೇ? ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಕೊರೆಯಬಾರದು. ಇರುವ ಗಣಿ ನಾಳೆಯೇ ಮುಚ್ಚಬೇಕೆಂದು ಹೇಳುತ್ತಿಲ್ಲ. ಹೊಸ ಗಣಿಗೆ ಮರ ಕಡಿದು ಊರು ಎಬ್ಬಿಸುವುದನ್ನು ನಿಲ್ಲಿಸಿ, ಇರುವವುಗಳಿಗೆ ವರ್ಷದಿಂದ ವರ್ಷಕ್ಕೆ ಇಳಿಯುವ ಮಿತಿ ಹಾಕಬೇಕು. ಇದು ದೇಶಪ್ರೇಮಕ್ಕೆ ವಿರುದ್ಧವಾದ ಮಾತಲ್ಲ. 2025ರ ಜೂನ್ ಹೊತ್ತಿಗೆ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧ ಭಾಗ ಸೂರ್ಯ, ಗಾಳಿ, ನೀರು, ಅಣುಶಕ್ತಿಗಳದ್ದಾಗಿದೆ. ಯಲಬುರ್ಗಾ, ಕುಕನೂರು ಕಡೆ ಹೋದವರು ಎರೆ ಹೊಲಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದ್ದೀರಿ. ಪಾವಗಡದ ಸೌರ ಉದ್ಯಾನದಲ್ಲಿ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು, ಭೂಮಿ ಅವರದ್ದೇ ಉಳಿಯಿತು. ಅದರಲ್ಲೂ ಒಂದು ಕೊರತೆ ಇದೆ: ಜಮೀನಿದ್ದವನಿಗೆ ಬಾಡಿಗೆ ಬಂತು, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿ ಹೋಯಿತು. ಸೂರ್ಯನ ಬೆಳಕು ಶುದ್ಧವಾದರೂ ಅದರ ವ್ಯವಹಾರದಲ್ಲಿ ನ್ಯಾಯ ತಾನಾಗಿ ಬರುವುದಿಲ್ಲ.

ಹೊರದೇಶಗಳಲ್ಲಿ ಏನಾಗಿದೆಯೆಂದು ಸಂಕ್ಷೇಪವಾಗಿ ಹೇಳುತ್ತೇನೆ. ಡೆನ್ಮಾರ್ಕ್ 2020ರಲ್ಲಿ ಸಮುದ್ರದ ತೈಲಕ್ಕೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿ, 2050ಕ್ಕೆ ತೆಗೆಯುವುದನ್ನೇ ಮುಗಿಸುವುದಾಗಿ ತೀರ್ಮಾನಿಸಿತು. ಈಕ್ವೆಡಾರ್ ಎಂಬ ಬಡ ದೇಶದ ಜನ 2023ರ ಆಗಸ್ಟ್‌ನಲ್ಲಿ ಯಾಸುನಿ ಕಾಡಿನ ತೈಲವನ್ನು ನೆಲದೊಳಗೇ ಬಿಡಬೇಕೆಂದು ಸುಮಾರು ಶೇಕಡ 59ರಷ್ಟು ಮತ ಹಾಕಿದರು. ಬಾವಿ ಮುಚ್ಚುವ ಕೆಲಸ ಮಾತ್ರ ನಿಧಾನವಾಗಿ ಸಾಗಿದೆ. ಅಣ್ವಸ್ತ್ರಗಳಿಗೆ ಒಪ್ಪಂದವಿರುವ ಹಾಗೆ ಈ ಇಂಧನಗಳನ್ನು ಹೊಸದಾಗಿ ಅಗೆಯದಿರಲು ದೇಶ ದೇಶಗಳ ನಡುವೆ ಒಪ್ಪಂದವಾಗಬೇಕೆಂಬ ಕೂಗನ್ನು ಸಮುದ್ರ ಏರಿ ಮುಳುಗುವ ಭಯದಲ್ಲಿರುವ ವನುವಾಟು, ಟುವಾಲು ದ್ವೀಪಗಳು ಎತ್ತಿವೆ. 2022ರ ಜುಲೈನಲ್ಲಿ ವ್ಯಾಟಿಕನ್ನಿನ ಪರವಾಗಿ ಕಾರ್ಡಿನಲ್ ಮೈಕಲ್ ಚೆರ್ನಿಯವರು ಅದಕ್ಕೆ ಬೆಂಬಲ ಸೂಚಿಸಿದರು. 2023ರ ಡಿಸೆಂಬರ್‌ನ ದುಬೈ ಸಮ್ಮೇಳನದಲ್ಲಿ ಕಲ್ಲಿದ್ದಲು, ತೈಲ, ಅನಿಲಗಳಿಂದ ದೂರ ಸರಿಯುವ ಮಾತು ಕೊನೆಗೂ ಕಾಗದಕ್ಕೆ ಬಂತು. ಇಂಥ ಸಮ್ಮೇಳನ ಶುರುವಾಗಿ ಇಪ್ಪತ್ತೆಂಟು ವರ್ಷದ ಮೇಲೆ!

ಅಗೆಯದೆ ಬಿಡುವುದು ನಮ್ಮ ವಿಶ್ವಾಸಕ್ಕೆ ಹೊಸದೇನೂ ಅಲ್ಲ. ಆರು ವರ್ಷ ಬಿತ್ತಿದ ಹೊಲಕ್ಕೆ ಏಳನೆಯ ವರ್ಷ ಬಿಡುವು ಕೊಡಬೇಕೆಂಬ ನಿಯಮ ಯಾಜಕಕಾಂಡದ 25ನೇ ಅಧ್ಯಾಯದಲ್ಲಿದೆ. ಆ ವರ್ಷ ತಾನಾಗಿ ಬೆಳೆದದ್ದು ಯಜಮಾನನಿಗೆ, ಆಳಿಗೆ, ಪರದೇಶಿಗೆ, ದನಕ್ಕೆ ಎಲ್ಲರಿಗೂ ಸೇರಿದ್ದು. ಆ ನಿಯಮದಲ್ಲಿ ನಾನು ಗಮನಿಸುವುದು ಇದನ್ನು: ಭೂಮಿಯ ಬಿಡುವಿನ ಜೊತೆಗೇ ಆಳಿನ ಊಟದ ವ್ಯವಸ್ಥೆಯೂ ಅದೇ ವಾಕ್ಯದಲ್ಲಿ ಬರುತ್ತದೆ, ಆಮೇಲೆ ನೋಡೋಣ ಎಂದು ಬಿಟ್ಟಿಲ್ಲ. ಬಳ್ಳಾರಿಯಲ್ಲಿ ತಪ್ಪಿಹೋದದ್ದು ಈ ಎರಡನೆಯ ಭಾಗ.

ಸಾಮಾನ್ಯ ಜನ ಏನು ಮಾಡಲು ಸಾಧ್ಯ ಎಂಬ ಪ್ರಶ್ನೆಗೆ ಕೊಪ್ಪಳದ ಜನ 2025ರ ಫೆಬ್ರವರಿ 24ರಂದು ಒಂದು ಉತ್ತರ ಕೊಟ್ಟರು. ಊರಿನ ಮಗ್ಗುಲಲ್ಲೇ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಅಂದು ಬಂದ್ ಆಚರಿಸಿದರು, ಗವಿಮಠದ ಪೂಜ್ಯ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಮುಂದೆ ನಿಂತರು. ಈಗಾಗಲೇ ಇರುವ ಕಾರ್ಖಾನೆಗಳ ಕಪ್ಪು ಧೂಳನ್ನು ಬೆಳೆಯ ಮೇಲೆ, ಮನೆಯ ಪಾತ್ರೆಯ ಮೇಲೆ ಕಂಡವರ ಮಾತು ಅದು. ಅಂಥ ಕಾರ್ಖಾನೆಯ ಕುಲುಮೆಗೆ ಬೇಕಾದ ಕಲ್ಲಿದ್ದಲು ಬಹುಪಾಲು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುವಂಥದ್ದು. ಹೀಗೆ ಕೊಪ್ಪಳದ ಬೀದಿಗೂ ಸಾಗರದಾಚೆಯ ಗಣಿಗೂ ನಂಟಿದೆ. ಮಠದವರು, ಮಸೀದಿಯವರು, ಚರ್ಚಿನವರು ಎಂಬ ಭೇದ ಧೂಳಿಗೆ ಗೊತ್ತಿಲ್ಲ.

ನಮ್ಮ ಧರ್ಮಕೇಂದ್ರಗಳ ಮಟ್ಟಿಗೆ ಸೌರಫಲಕ ಹಾಕಿಸುವುದು, ವ್ಯರ್ಥವಾಗಿ ಉರಿಯುವ ದೀಪ ಆರಿಸುವುದು ಇದ್ದೇ ಇದೆ. ಅದರ ಬಗ್ಗೆ ಹಿಂದೆ ಸಾಕಷ್ಟು ಬರೆಯಲಾಗಿದೆ. ನಾನು ಕೇಳುವುದು ಇನ್ನೊಂದನ್ನು. ಶಕ್ತಿನಗರದ ಮೊದಲ ಘಟಕ ಶುರುವಾದದ್ದು 1985ರಲ್ಲಿ, ಅದಕ್ಕೀಗ ನಲವತ್ತು ದಾಟಿದೆ. ಹಳೆಯ ಘಟಕಗಳು ಒಂದಲ್ಲ ಒಂದು ದಿನ ನಿಲ್ಲುತ್ತವೆ. ಅಲ್ಲಿ ಕಲ್ಲಿದ್ದಲು ಇಳಿಸುವ, ಬೂದಿ ಎತ್ತುವ ಗುತ್ತಿಗೆ ಕಾರ್ಮಿಕರ ಹೆಸರು ಯಾವ ಪಿಂಚಣಿ ಪಟ್ಟಿಯಲ್ಲೂ ಇರುವುದಿಲ್ಲ. ಗುತ್ತಿಗೆದಾರ ಬದಲಾದಾಗಲೆಲ್ಲ ಅವರ ಸೇವೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಯಾರು ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ, ಬೇರೆ ಯಾವ ಕೆಲಸ ಬರುತ್ತದೆ, ಎಷ್ಟು ಸಾಲವಿದೆ ಎಂಬ ಪಟ್ಟಿಯನ್ನು ನಮ್ಮ ಧರ್ಮಕ್ಷೇತ್ರದ ಸಮಾಜಸೇವಕರೂ ಯುವಜನರೂ ಅಲ್ಲಿನ ಕಾರ್ಮಿಕ ಸಂಘದವರ ಜೊತೆ ಕುಳಿತು ಈಗಲೇ ತಯಾರಿಸಬಹುದು. ಶಾಸಕರ ಮುಂದೆ, ನಿಗಮದ ಮುಂದೆ ಅದನ್ನು ಇಡಬಹುದು. ಘಟಕ ಮುಚ್ಚುವ ಆದೇಶ ಬಂದ ಮೇಲೆ ಹೋಗಿ ಕೇಳಿದರೆ, 2011ರಲ್ಲಿ ಟಿಪ್ಪರ್ ಚಾಲಕರಿಗೆ ಸಿಕ್ಕ ಉತ್ತರವೇ ಇವರಿಗೂ ಸಿಗುತ್ತದೆ.